ಒಂದೇ ಪಕ್ಕಕ್ಕೆ ಸಿಡಿದ ನಕ್ಷತ್ರ

ಅಂದು ಮೇದಿನಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ. ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಹಿರಿಯ ಪರೀಕ್ಷಕರು ಪರದೆಯ ಮೇಲಿನ ಚಿತ್ರ ನೋಡುತ್ತ ಕೇಳಿದರು.

“ಈ ದೊಡ್ಡ ನಕ್ಷತ್ರ ಸತ್ತು ಸಾವಿರಾರು ವರ್ಷ ಆಗಿದೆ. ಅದು ಒಂದೇ ಪಕ್ಕಕ್ಕೆ ಜೋರಾಗಿ ಸಿಡೀತು ಅಂತ ಹೇಗೆ ಹೇಳ್ತೀರಮ್ಮ?”

“ಉಳಿದಿರೋ ಅವಶೇಷವೇ ಹೇಳತ್ತೆ ಸರ್. ಸಿಡಿದ ಅನಿಲದಲ್ಲಿ ಹೆಚ್ಚು ಪಾಲು ಎಡಕ್ಕೆ ಹೋಗಿದೆ. ನಡುವೆ ಇರಬೇಕಾಗಿದ್ದ ಗಟ್ಟಿ ತಿರುಳು ಬಲಕ್ಕೆ ಓಡ್ತಾ ಇದೆ.”

“ಎಲ್ಲ ಕಡೆಗೂ ಸಮನಾಗಿ ಸಿಡೀತು ಅಂತ ಮೂವತ್ತು ವರ್ಷದ ಹಿಂದೆ ಒಂದು ಪ್ರಬಂಧ ಬಂದಿತ್ತಲ್ಲ?”

ಆ ಪ್ರಬಂಧ ಬರೆದವರು ಆ ಪರೀಕ್ಷಕರೇ ಎಂಬುದು ಮೇದಿನಿಗೆ ಗೊತ್ತಿತ್ತು. ಪಕ್ಕದಲ್ಲಿದ್ದ ಅವಳ ಗೈಡ್ ಶ್ರೀಕಂಠಪ್ಪನವರು ಕೆಮ್ಮಿ, ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದರು. ಅವಳ ಐದು ವರ್ಷದ ದುಡಿಮೆ ಈ ಒಂದು ಉತ್ತರದ ಮೇಲೆ ನಿಂತಿತ್ತು.

“ಅದು ತಪ್ಪು ಸರ್,” ಎಂದಳು.

ಶ್ರೀಕಂಠಪ್ಪನವರಿಗೆ ಕೆಮ್ಮು ಜೋರಾಯಿತು. ಪರೀಕ್ಷಕರು ನಗುತ್ತ ನೀರಿನ ಲೋಟವನ್ನು ಅವರತ್ತ ಸರಿಸಿದರು.

“ತಪ್ಪು ಅಂತ ನನಗೆ ಎರಡೇ ವರ್ಷಕ್ಕೆ ಗೊತ್ತಾಯ್ತಮ್ಮ. ಅಷ್ಟರಲ್ಲಿ ನಿಮ್ಮ ಗೈಡು ಅದೇ ಸರಿ ಅಂತ ಸಾಧಿಸಿ ಪಿಎಚ್.ಡಿ. ತಗೊಂಡುಬಿಟ್ಟಿದ್ದರು.”