ಗಾಡಿ ನೋಡುವ ಶಾಸ್ತ್ರ

ಸಹನಾ ಕೆಂಪು ಕಾರಿನ ಬಾನೆಟ್ ಮೇಲೆ ಅಂಗೈ ಊರಿದವಳೇ, "ಅಣ್ಣಾರ, ಎಂಜಿನ್ ಬಿಸಿ ಐತಲ್ರಿ. ನಾವ್ ಬರೂಕಿಂತ ಮೊದ್ಲ ಚಾಲೂ ಮಾಡಿ ಇಟ್ಟೀರಿ. ಬಿಸಿ ಇದ್ದಾಗ ಎಂಥಾ ಗಾಡೀನೂ ಚಾಲೂ ಆಗತೈತಿ, ಇದು ಆರೂ ತನಕ ನಾ ಚಾವಿ ಹಚ್ಚಂಗಿಲ್ಲ" ಎಂದಳು.

ಗಾಡಿಯ ಮಾಲೀಕ ಪ್ರಭುರಾಜ ಕುಷ್ಟಗಿಯ ದಾಳಿಂಬೆ ವ್ಯಾಪಾರಿ. ಮಾತಾಡಿದವಳನ್ನು ಬಿಟ್ಟು, ಪಕ್ಕದಲ್ಲಿ ನಿಂತಿದ್ದ ಅವಳ ಅಪ್ಪ ಯಂಕೋಬನ ಕಡೆ ತಿರುಗಿ ನಕ್ಕ. "ಕಾಕಾ, ನೀವು ನಲವತ್ತು ವರ್ಷ ಲಾರಿ ಹೊಡದೋರು. ನೀವ ಒಂದ್ ರೌಂಡ್ ಹೊಡೀರಿ, ಗೊತ್ತಾಗತೈತಿ. ಟರ್ಬೊ ಗಾಡಿ ಈ ತಂಗಿಗೆ ಏನ್ ತಿಳೀತೈತಿ?"

"ಗಾಡಿ ತಗೊಳ್ಳಾಕಿ ಆಕಿ, ರೊಕ್ಕ ಆಕೀದು. ನಾ ಬರೇ ಜೋಡಿ ಬಂದೀನ್ರಿ," ಎಂದ ಯಂಕೋಬ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ಎಲೆ-ಅಡಿಕೆ ಚೀಲ ಬಿಚ್ಚಿದ.

ಸಹನಾ ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಆಂಬುಲೆನ್ಸ್ ಓಡಿಸುವವಳು. ಮುಂದಿನ ತಿಂಗಳು ಬಳ್ಳಾರಿ ಕಡೆ ನಡೆಯುವ ಮಣ್ಣಿನ ಟ್ರ್ಯಾಕಿನ ರೇಸಿಗೆ ಹೆಸರು ಕೊಟ್ಟಾಗಿತ್ತು, ಓಡಿಸಲು ಗಾಡಿ ಮಾತ್ರ ಇರಲಿಲ್ಲ. ಏಳು ವರ್ಷ ಹೊಟ್ಟೆ-ಬಟ್ಟೆ ಕಟ್ಟಿ ಕೂಡಿಸಿದ ದುಡ್ಡು. ಇಲ್ಲಿ ಎಡವಿದರೆ ದುಡ್ಡೂ ಹೋಯಿತು, ರೇಸೂ ಹೋಯಿತು. ಮೇಲೆ "ಹೆಣ್ಮಗಳು ಗಾಡಿ ಆರಿಸಾಕ ಹೋದ್ರ ಹಿಂಗ ಆಗತೈತಿ" ಅನ್ನಲು ಊರಲ್ಲಿ ಬಾಯಿ ತೆರೆದು ಕೂತವರಿಗೇನು ಬರವೇ!

ಒಂದೂವರೆ ತಾಸು ಕಾದು ಚಾವಿ ತಿರುವಿದಳು. ಮೊದಲ ಹೊಡೆತಕ್ಕೇ ಎಂಜಿನ್ ಎದ್ದಿತು. ಹೊಗೆಯಿಲ್ಲ, ತಡವರಿಕೆಯಿಲ್ಲ. ಸಹನಾಳ ಎದೆಯಲ್ಲಿ ಖುಷಿ ಉಕ್ಕಿತು, ಮುಖದ ಮೇಲೆ ಮಾತ್ರ ಒಂದಿಷ್ಟೂ ತೋರಿಸಲಿಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನುವಾಗಲೇ ಹುಡುಗಿ ಒಪ್ಪಿಗೆ ಅಂದುಬಿಟ್ಟರೆ ಮುಂದೆ ಮಾತುಕತೆಗೆ ಏನು ಉಳಿಯುತ್ತದೆ?

ಪ್ರಭುರಾಜ ಪಕ್ಕದ ಸೀಟಿನಲ್ಲಿ ಕುಳಿತು ಹಾಡು ಹಚ್ಚಿದ. ಸಹನಾ ಬಂದ್ ಮಾಡಿದಳು. ಹೈವೇ ಹತ್ತಿ ಆಕ್ಸಿಲರೇಟರ್ ತುಳಿದಾಗ ಟರ್ಬೊ ಕೂಡಿಕೊಂಡು ಗಾಡಿ ಇಬ್ಬರ ಬೆನ್ನಿಗೂ ಗುದ್ದಿತು. "ಏ ತಂಗೀ, ಸಾವಕಾಶ! ಮನ್ಯಾಗ ಸಣ್ಣ ಹುಡುಗ್ರು ಅದಾವು!" ಎಂದು ಪ್ರಭುರಾಜ ಮೇಲಿನ ಹಿಡಿಕೆಗೆ ಜೋತುಬಿದ್ದ. ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿ ಅವಳು ಬ್ರೇಕ್ ಒತ್ತಿದಳು. ಗಾಡಿ ಗೆರೆ ಕೊರೆದಂತೆ ನೇರ ನಿಂತಿತು. ಆದರೆ ಮೂರನೇ ಗೇರಿಗೆ ಬೀಳುವಾಗಲೆಲ್ಲ ಗರ್ರ್ ಅನ್ನುತ್ತಿತ್ತು. ಅವಳು ಗಾಡಿಯನ್ನು ಮನೆ ಮುಂದೆ ತಂದು ನಿಲ್ಲಿಸಿ, ಕೆಳಗಿಳಿದು, ಬಗ್ಗಿ ಪೆಡಲ್‌ಗಳ ಮೇಲೆ ಕೈಯಾಡಿಸಿದಳು.

"ಮೀಟರ್ ಇಪ್ಪತ್ತೆಂಟು ಸಾವಿರ ತೋರಸಾಕತ್ತೈತಿ. ಇಪ್ಪತ್ತೆಂಟಕ್ಕ ಕ್ಲಚ್ಚಿನ ರಬ್ಬರ್ ಇಷ್ಟ್ ನುಣ್ಣಗ ಆಗಂಗಿಲ್ರಿ. ಸ್ಟೇರಿಂಗ್ ಚರ್ಮ ಬೋಳಾಗೈತಿ, ಮೂರನೇ ಗೇರ್ ಅಳತೈತಿ. ಈ ಗಾಡಿ ಲಕ್ಷದ ಹತ್ರ ಓಡೈತಿ, ಅಣ್ಣಾರ."

"ಕಾಕಾ, ನಿಮ್ಮ ಮಗಳಿಗೆ ಬುದ್ಧಿ ಹೇಳ್ರಿ!" ಪ್ರಭುರಾಜನಿಗೆ ಸಿಟ್ಟು ಬಂತು. "ಮನೀ ಗಾಡಿ ಇದು. ಕುಷ್ಟಗಿ ದಾಟಿಸಿಲ್ಲ ನಾ!"

ಅಷ್ಟರಲ್ಲಿ ಅವನ ಅವ್ವ ಪಂಪಮ್ಮ ಚಹಾದ ತಟ್ಟೆ ಹಿಡಿದು ಹೊರಬಂದಳು. "ಎಲ್ಲಿ ದಾಟಿಲ್ಲೋ ಪ್ರಭು? ಅಂಥಾ ಮಾತು ಆಡಬ್ಯಾಡ. ಆರು ವರ್ಷ ಆತು ಯವ್ವಾ, ಒಂದ್ ಅಮಾಸಿ ತಪ್ಪಿಸಿಲ್ಲ. ಅಮಾಸಿಗೊಮ್ಮೆ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕ ಇದ ಗಾಡ್ಯಾಗ ಹೋಗ್ತೀವಿ. ದಾರ್ಯಾಗ ಒಂದ್ ದಿನ ಕೈ ಕೊಟ್ಟಿಲ್ಲ. ಭಾಳ ಪುಣ್ಯವಂತ ಗಾಡಿ!"

"ಅವ್ವಾ, ನೀ ಒಳಗ ನಡಿ."

"ಯಾಕ ನಡೀಲಿ? ಮಲ್ಲಯ್ಯನ ಮುಂದ ಹೋಗಿ ಬಂದದ್ದನ್ನ ಇಲ್ಲ ಅನ್ನಾಕ ಬರತೈತೇನು?"

ಮೀಟರಿನ ಬಾಯಿ ಕಟ್ಟಿಸಿದ್ದ ಪ್ರಭುರಾಜ ಅವ್ವನ ಬಾಯಿಯನ್ನು ಮರೆತೇಬಿಟ್ಟಿದ್ದ. ಯಂಕೋಬ ಕಟ್ಟೆಯ ಮೇಲಿಂದ, "ಹೋಗಿ ಬರೂದು ಏಳ್ನೂರು ಕಿಲೋಮೀಟರ್ ರೀ ಸಾವ್ಕಾರ. ವರ್ಷಕ್ಕ ಹನ್ನೆರಡು ಅಮಾಸಿ, ಆರು ವರ್ಷ. ದೇವರ ಹೆಸರಿಲೇ ಐವತ್ತು ಸಾವಿರ ಆತು. ನಿಮ್ಮ ದಾಳಿಂಬ್ರಿ ಯಾಪಾರದ ತಿರುಗಾಟ ಬ್ಯಾರೆ" ಎಂದು ಎಲೆಗೆ ಸುಣ್ಣ ಸವರಿದ. ಪ್ರಭುರಾಜ ತಲೆ ಕೆರೆದುಕೊಂಡ.

"ಎಂಜಿನ್ ಖರೇ ಐತಿ, ಬ್ರೇಕ್ ಖರೇ ಐತಿ, ಅದಕ್ಕ ನಾ ಎದ್ದು ಹೊಂಟಿಲ್ಲ," ಎಂದಳು ಸಹನಾ. "ಈಗ ಲಕ್ಷ ಓಡಿದ ಗಾಡೀ ರೇಟು ಹೇಳ್ರಿ." ಅವನು ಹೇಳಿದ, ಅವಳು ಇಳಿಸಿದಳು. ಅವನು "ಆಗಂಗಿಲ್ಲ" ಅಂದ, ಪಂಪಮ್ಮ "ಕೊಡೋ, ತಪ್ಪು ನಿಂದೈತಿ" ಅಂದಳು. ಇಬ್ಬರು ಹೆಂಗಸರ ನಡುವೆ ಸಿಕ್ಕ ವ್ಯಾಪಾರಿ ಎಷ್ಟು ಹೊತ್ತು ತಡೆದಾನು? ಗೇರ್ ಬಾಕ್ಸ್ ರಿಪೇರಿ ಮಾಡಿಸಿ ನಾಲ್ಕು ಹೊಸ ಟೈರ್ ಹಾಕಿಸುವಷ್ಟು ದುಡ್ಡು ಸಹನಾಳ ಕೈಯಲ್ಲೇ ಉಳಿಯಿತು. ಗೆದ್ದೆ ಅನ್ನಿಸಿ ಅವಳಿಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಕಾಗದಗಳಿಗೆಲ್ಲ ಸಹಿ ಆದ ಮೇಲೆ ಪ್ರಭುರಾಜ ಚಾವಿಯನ್ನು ಯಂಕೋಬನ ಕಡೆ ಚಾಚಿದ. ಯಂಕೋಬ ಅತ್ತ ನೋಡಲೂ ಇಲ್ಲ. ಕಾರಿಗೆ ಒಂದು ಸುತ್ತು ಬಂದು, ಎಡಗಡೆಯ ಬಾಗಿಲು ತೆಗೆದು, ತಾನು ನಲವತ್ತು ವರ್ಷ ಬರೀ ಕ್ಲೀನರ್‌ಗಳನ್ನು ಕೂರಿಸಿಕೊಂಡ ಜಾಗದಲ್ಲಿ ಕುಳಿತ. ಸಹನಾ ಪ್ರಭುರಾಜನ ಕೈಯಿಂದ ಚಾವಿ ತೆಗೆದುಕೊಂಡು, ಸ್ಟೇರಿಂಗ್ ಹಿಂದೆ ಕುಳಿತು ಎಂಜಿನ್ ಚಾಲೂ ಮಾಡಿದಳು. ಯಂಕೋಬ ಗಾಜು ಇಳಿಸಿ, ಕೈ ಹೊರಗೆ ಹಾಕಿ, ಬಾಗಿಲನ್ನು ಎರಡು ಸಲ ಬಡಿದು, ಓಣಿಗೆಲ್ಲ ಕೇಳುವಂತೆ ಕೂಗಿದ:

"ಎಡಕ್ಕ ನಾ ನೋಡ್ತೀನಿ, ಡ್ರೈವರ್ ಸಾಹೇಬ್ರ. ಹೋಗ್ಲಿ... ರೈಟ್!"