ನಾಳಿನವರ ಭಾರ

ನಾಳೆ ಹತ್ತುವವರ ಭಾರಕ್ಕೆ ಹಡಗು ಇಂದೇ ತಗ್ಗುವುದು ಕಲ್ಕುರ್ವೆ ದ್ವೀಪದವರಿಗೆ ಹೊಸದೇನಲ್ಲ. ವಿಹಾರದ ಹಡಗಿಗೆ ಅಡುಗೆ ಮಾಡುವ ಮಂಕಾಳಿ ಅದರ ಮೈಮೇಲೆ ಜನರ ಲೆಕ್ಕಕ್ಕೆಂದು ಬಳಿದ ಗೆರೆಗಳನ್ನು ನೋಡಿಯೇ ದಿನವೂ ಅಕ್ಕಿ ಅಳೆಯುತ್ತಿದ್ದಳು.

ನಾಳೆಗೆಂದು ಇವತ್ತು ಹೊರಗಿನವರಿಗೆ ಟಿಕೇಟು ಹೋದದ್ದು ಇನ್ನೂರು. ನೀರು ಮಾತ್ರ ಸಾವಿರದ ಗೆರೆಯನ್ನೂ ದಾಟಿತ್ತು.

"ಯಾರದೋ ಮದುವೆ ದಿಬ್ಬಣ ಇರ್ಬೇಕು. ಸಾರಿಗೆ ನೀರು ಹೊಯ್ಯಿ, ಅಕ್ಕಾ," ಎಂದು ಗೆರೆ ಓದುವ ಇನಾಸ ನಕ್ಕ.

ಮಂಕಾಳಿಗೆ ನಗು ಬರಲಿಲ್ಲ. ಕೂಸುಗಳನ್ನೂ ಸೇರಿಸಿದರೆ ದ್ವೀಪದಲ್ಲಿರುವುದೇ ಒಂಬೈನೂರು ಮಂದಿ. "ನಾಳೆ ಊರಿಗೆ ಊರೇ ಓಡೂದಾ ಹ್ಯಾಂಗೆ? ಸರೀ ಓದು, ಇನಾಸ."

ಇನಾಸ ಬಗ್ಗಿ ಓದಿದ. ಅವನ ನಗು ನಿಂತಿತು. "ಟಿಕೇಟಿನ ಇನ್ನೂರು ಬಿಟ್ರೆ ಉಳಿದದ್ದು ಇಡೀ ಊರೇ ಹೌದು. ಒಬ್ರು ಕಮ್ಮಿ."

ಆ ಒಬ್ಬರು ಯಾರೆಂದು ಮಂಕಾಳಿ ಕೇಳಲಿಲ್ಲ. ಗಂಡನನ್ನು ಕಡಲು ನುಂಗಿದಂದಿನಿಂದ ದೋಣಿಗೆ ಕಾಲಿಡದ ಅವಳ ತಾಯಿ ಅಲ್ಲೇ ದಡದ ಅಡುಗೆಮನೆಯ ಬಾಗಿಲಲ್ಲಿ ಮೀನು ಹೆರೆಯುತ್ತಿದ್ದಳು.

"ನನ್ನ ಮುಖ ಎಂತಕ್ಕೆ ನೋಡ್ತೆ? ನಾ ಬರೂದಿಲ್ಲ."

"ಹಾಂಗಾರೆ ನಾನೂ ಹೋಗೂದಿಲ್ಲ, ಅವ್ವಾ." ಮಂಕಾಳಿ ಪಕ್ಕದಲ್ಲೇ ಕೂತುಬಿಟ್ಟಳು.

"ಇಬ್ರು ಕಮ್ಮಿ," ಎಂದ ಇನಾಸ, ಗೆರೆಯಿಂದ ಕಣ್ಣು ತೆಗೆಯದೆ.

ಮುದುಕಿ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿ ಕತ್ತಿ ಒರೆಸಿಟ್ಟಳು. ಅವಳು ಬಾಯಿ ಬಿಡುವ ಮೊದಲೇ ಹಡಗು ಒಂದಿಷ್ಟು ತಗ್ಗಿತು.

"ಈಗ ಯಾರೂ ಕಮ್ಮಿ ಇಲ್ಲ," ಎಂದು ಇನಾಸ ಉಸಿರುಬಿಟ್ಟ.

ಮಗಳ ಹೆಗಲು ಹಿಡಿದು ಏಳುತ್ತ ಮುದುಕಿ ಕೇಳಿದಳು: "ನಾಳೆ ಬರೂದು ಎಂತದು ಅಂತ ಹೇಳ್ತದಾ ನಿನ್ನ ಗೆರೆ?"

"ಅದು ಜನ ಎಷ್ಟು ಅಂತ ಮಾತ್ರ ಹೇಳ್ತದೆ, ಅಮ್ಮಾ."