ಮೂರನೆಯ ಸಾಕ್ಷಿ

ಅಕ್ಕ ಬಟ್ಟೆ ಹಿಂಡುತ್ತಿದ್ದಾಗ ಮಗಳು ಫೋನ್ ತಂದು ಮುಂದೆ ಹಿಡಿದಳು. ದರ್ಜಿ ತಂಗಿಯ ಕೋರಿಕೆ ತಿಂಗಳಿಂದ ಅದರಲ್ಲೇ ಕೊಳೆಯುತ್ತಿತ್ತು. ತಂಗಿಯ ಫೋನ್ ಕಳವಾಗಿತ್ತು. ಗಿರಾಕಿಗಳ ವಿವರವೆಲ್ಲ ಇದ್ದ ಅವಳ ಆನ್‌ಲೈನ್ ಖಾತೆಗೆ ಯಾವ ಕಂಪನಿಯೂ ಯಜಮಾನನಲ್ಲ, ಕೇಳಿದರೆ ತೆರೆದುಕೊಡುವವರಿಲ್ಲ. ಅವಳೇ ನಂಬಿ ಆರಿಸಿಟ್ಟ ಮೂವರು ‘ಇವಳೇ ಅವಳು’ ಎಂದು ಬರೆದು ಕಳಿಸಿದರಷ್ಟೇ ಅದು ತೆರೆಯುವುದು. ಇಬ್ಬರು ಕಳಿಸಿಯಾಗಿತ್ತು. ಉಳಿದವಳು, ಜಗಳವಾಡಿ ಮಾತು ಬಿಟ್ಟ ಅಕ್ಕ.

“ಜಗಳಕ್ಕೆ ಮುಂಚೆ ಆರಿಸಿದ್ದು. ಈಗ ನಾನು ಬೇಕಾದೆ, ನೋಡು. ಸ್ವಲ್ಪ ಒದ್ದಾಡಲಿ.”

“ಮುಂಚೆ ಅಲ್ಲಮ್ಮ. ನಿನ್ನನ್ನ ಆರಿಸಿದ ತಾರೀಖು ಇಲ್ಲೇ ಇದೆ. ಜಗಳ ಆದ ಮಾರನೇ ದಿನ.”

ಅಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳ ಒದ್ದೆ ಬೆರಳನ್ನು ಫೋನ್ ಗುರುತಿಸಲಿಲ್ಲ. ಒರೆಸಿಕೊಂಡು ಮತ್ತೆ ಒತ್ತಿದಳು. ‘ಇವಳು ನನ್ನ ತಂಗಿ’ ಎಂದು ಬರೆದು ಕಳಿಸಿದಳು.